ಎಂಟನೆಯ ನಾಣ್ಯ

ಕಲಬುರಗಿಯಿಂದ ಬರುವಾಗ ವಾಡಿ ಜಂಕ್ಷನ್ನಿನಲ್ಲಿ ಇಳಿದು ಸೇಡಂ ಕಡೆಯ ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಹೆಣ್ಣುಮಗಳೊಬ್ಬಳು ಎದುರಿಗೆ ಬಂದು ನಿಂತು, "ಅಕ್ಕೋರ, ಗುರ್ತ ಸಿಗಲಿಲ್ಲೇನ್ರಿ?" ಎಂದಳು. ಚಿತ್ತಾಪುರದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವಳು. ಈಗ ಅಲ್ಲಿಯದೇ ಒಬ್ಬ ಸರಾಫರ ಮನೆಯ ಸೊಸೆ. ಮಕ್ಕಳ ಸುದ್ದಿ, ಮನೆಯ ಸುದ್ದಿ ಎಲ್ಲ ಆಯಿತು. ಗಾಡಿ ಬರುತ್ತಿದೆ ಎಂದು ಸಾರಿದಾಗ ನಾನು ಚೀಲ ಎತ್ತಿಕೊಂಡೆ. ಆಗ ಅವಳು, "ಚಾಚಾ ಹೋದ್ರು ನೋಡ್ರಿ. ನಿಮಗ ಗೊತ್ತದೋ ಇಲ್ಲೋ. ತಿಂಗಳ ಆತು" ಎಂದಳು.

ಯಾವ ಚಾಚಾ ಎಂದು ಕೇಳಬೇಕಾಗಲಿಲ್ಲ. ಚಿತ್ತಾಪುರದಲ್ಲಿ ಚಾಚಾ ಎನ್ನಿಸಿಕೊಂಡವರು ನೂರು ಜನ ಇದ್ದಾರು. ಅಲ್ಲಿಯ ಸರಾಫ ಬಜಾರಿನವರು ಹಿಂದೆ ಮುಂದೆ ಯಾವ ಹೆಸರನ್ನೂ ಸೇರಿಸದೆ ಹಾಗೆ ಕರೆಯುತ್ತಿದ್ದದ್ದು ಒಬ್ಬರನ್ನೇ. ಗಾಡಿ ಚಿತ್ತಾಪುರದಲ್ಲಿ ನಿಂತಾಗ ಇಳಿಯಬೇಕೆನಿಸಿ ಬಾಗಿಲವರೆಗೆ ಬಂದೆ. ತಿಂಗಳ ಮೇಲೆ ಹೋಗಿ ಯಾರಿಗೆ ಏನು ಹೇಳಲಿ ಎಂದು ಮತ್ತೆ ಒಳಗೆ ಹೋಗಿ ಕುಳಿತೆ. ಸೇಡಂ ಮುಟ್ಟುವವರೆಗೂ ಆ ಮುಖವೇ ಕಣ್ಣ ಮುಂದೆ.

ಅವರು ಬೆಳ್ಳಿ ಕರಗಿಸುವವರು. ಸರಾಫ ಬಜಾರಿನ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ಖೋಲಿ, ಅದರ ಹಿಂದೆಯೇ ಮನೆ. ಊರಿನ ಸರಾಫರೆಲ್ಲ ತಮ್ಮಲ್ಲಿಗೆ ಬಂದ ಹಳೆಯ ಬೆಳ್ಳಿಯನ್ನು ಅಲ್ಲಿಗೆ ಕಳಿಸುತ್ತಿದ್ದರು. ತುಂಡಾದ ಕಾಲ್ಗೆಜ್ಜೆ, ಸವೆದ ಉಡದಾರ, ಜಜ್ಜಿಹೋದ ಲೋಟ, ಚಾರ್‌ಮಿನಾರಿನ ಚಿತ್ರವಿದ್ದ ಹಳೆಯ ಹೈದರಾಬಾದಿ ರೂಪಾಯಿ, ರಾಣಿ ಛಾಪಿನ ರೂಪಾಯಿ ಎಲ್ಲವೂ ಅವರ ಮೂಸೆಯಲ್ಲಿ ನೀರಾಗಿ, ಅಚ್ಚಿನಲ್ಲಿ ಬಿದ್ದು, ಗಟ್ಟಿಯಾಗಿ ಮರಳಿ ಹೋಗುತ್ತಿದ್ದವು. ಅವರ ಅಪ್ಪ ಮಾಡಿದ್ದೂ ಅದೇ ಕೆಲಸ. ಬೆಂಕಿಯ ಮುಂದೆ ಕುಳಿತು ಕುಳಿತು ಹುಬ್ಬಿನ ಕೂದಲು ಉದುರಿಹೋಗಿ, ಮುಖಕ್ಕೆ ಸದಾ ಏನನ್ನೋ ಕಂಡು ಬೆರಗಾದವರ ಕಳೆ ಬಂದಿತ್ತು. ಲುಂಗಿಯ ತುಂಬ ಕಿಡಿ ಸಿಡಿದ ತೂತು.

ಅವರನ್ನು ನಾನು ಮೊದಲು ಕಂಡದ್ದು ಆಡಕಿಯ ಶಾಲೆಯಿಂದ ಚಿತ್ತಾಪುರಕ್ಕೆ ವರ್ಗವಾಗಿ ಬಂದ ವರ್ಷ. ನಮ್ಮದು ವೈಷ್ಣವರ ಮನೆ. ಅಪ್ಪ ಸಂಧ್ಯಾವಂದನೆಗೆ ಇಟ್ಟುಕೊಂಡಿದ್ದ ಬೆಳ್ಳಿಯ ಪಂಚಪಾತ್ರೆಯ ಅಂಚು ಸೀಳಿತ್ತು. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂದಿತ್ತು. ಸರಿಪಡಿಸುವುದೋ, ಕರಗಿಸಿ ಬೇರೆ ಏನಾದರೂ ಮಾಡಿಸುವುದೋ ಎಂದು ಸರಾಫರನ್ನು ಕೇಳಿದರೆ, "ಮೊದಲ ಚಾಚಾಗ ತೋರಿಸಿ ಬರ್ರಿ ಅಕ್ಕೋರ" ಎಂದರು.

ಚಾಚಾ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಉಗುರಿನಿಂದ ಒಮ್ಮೆ ಮೀಟಿದರು. ಅದರ ಜೊತೆಗಿದ್ದ ಪುಟ್ಟ ಚಮಚವನ್ನು ತಮ್ಮ ಮುಂದಿದ್ದ ಶಹಾಬಾದಿ ಫರಶಿಯ ಮೇಲೆ ಬೀಳಿಸಿ, ಕತ್ತು ವಾರೆ ಮಾಡಿ ಸದ್ದು ಕೇಳಿದರು. ಕಲ್ಲಿನ ಆ ಫರಶಿ ಅವರ ತಕ್ಕಡಿಗಿಂತ ಅವರಿಗೆ ಹೆಚ್ಚು ನಂಬಿಕೆಯದು.

"ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ಇದರಾಗ ಚಾಂದಿ ಕಮ್ಮಿ ಅದ, ಭಕ್ತಿ ಜಾಸ್ತಿ ಅದ."

ಸಿಟ್ಟು ಬರಬೇಕಿತ್ತು, ನಗು ಬಂತು. ಅವರೂ ನಕ್ಕರು.

"ಇದನ್ನ ಕರಗಿಸಬ್ಯಾಡ್ರಿ. ನಿಮ್ಮ ಅಪ್ಪಾರು ಎಷ್ಟ ವರ್ಷ ಇದರಾಗಿಂದ ನೀರ ಬಿಟ್ಟಾರೋ. ನಾ ಬೆಸಗಿ ಹಾಕಿ ಕೊಡ್ತೀನಿ, ಕುಂದ್ರಿ."

ಅಂದಿನಿಂದ ಶಾಲೆ ಬಿಟ್ಟ ಮೇಲೆ ವಾರಕ್ಕೊಮ್ಮೆಯಾದರೂ ಆ ಖೋಲಿಯ ಮುಂದೆ ಹಾದು ಬರುವುದು ರೂಢಿಯಾಯಿತು. ಅವರ ಮಗಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ನನ್ನ ರವಿಕೆಗಳ ನೆಪ ಇರುತ್ತಿತ್ತು. ಆದರೆ ನಿಲ್ಲುತ್ತಿದ್ದದ್ದು ಚಾಚಾನ ಕೆಲಸ ನೋಡಲು.

ಯಾವ ಒಡವೆಯನ್ನೂ ಅವರು ಬಂದ ಹಾಗೆಯೇ ಬೆಂಕಿಗೆ ಹಾಕುತ್ತಿರಲಿಲ್ಲ. ಕಾಲ್ಗೆಜ್ಜೆಗಳನ್ನು ಅಂಟುವಾಳದ ನೀರಿನಲ್ಲಿ ತಿಕ್ಕಿ ತೊಳೆಯುತ್ತಿದ್ದರು. ಹೇಗಿದ್ದರೂ ಬೆಂಕಿಗೆ ಹೋಗುವುದಲ್ಲ, ಯಾಕೆ ತೊಳೆಯುತ್ತೀರಿ ಎಂದು ಒಮ್ಮೆ ಕೇಳಿದೆ. "ಯಾರೋ ಹೆಣ್ಮಗಳು ಕಾಲಾಗ ಹಾಕ್ಕೊಂಡಿದ್ದು. ಹೊಲಸ ಸಮೇತ ಸುಟ್ಟರ ಆಕಿಗಿ ಅವಮಾನ ಅಲ್ಲೇನ್ರಿ?" ಎಂದರು. ಹೀಗೆ ಹೇಳುವಾಗ ದೊಡ್ಡ ಮಾತು ಆಡಿದೆನೆಂಬ ಭಾವ ಅವರಿಗೆ ಇರುತ್ತಿರಲಿಲ್ಲ. ಕೈ ತಿಕ್ಕುತ್ತಲೇ ಇರುತ್ತಿತ್ತು.

ನಾಣ್ಯಗಳ ವಿಷಯದಲ್ಲಿ ಇನ್ನೂ ಒಂದು ಹೆಚ್ಚಿನ ನೇಮ. ಮುಖ ನೋಡದೆ ಬೆಂಕಿಗೆ ಹಾಕಬೇಡ ಎಂದು ಅವರಪ್ಪ ಹೇಳಿದ್ದರಂತೆ. ಅಪ್ಪ ಹೇಳಿದ್ದು ಬರಿ ನೋಡುವ ಮಾತು. ಮಗ ಅದನ್ನು ಒಂದು ಹೆಜ್ಜೆ ಮುಂದೆ ಒಯ್ದಿದ್ದ. ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದುವಾಗ ಹುಡುಗರು ಕಾಗದದ ಕೆಳಗೆ ಪೈಸೆ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಚಿತ್ರ ಮೂಡಿಸುತ್ತಿದ್ದರಲ್ಲ, ಆ ಆಟವನ್ನು ಅವರು ಬಿಟ್ಟಿರಲಿಲ್ಲ. ಕರಗಲು ಬಂದ ನಾಣ್ಯ ಒಂದಿಷ್ಟು ಬೇರೆಯಾಗಿ ಕಂಡರೆ ಸಾಕು, ನೋಟ್‌ಬುಕ್ಕಿನಲ್ಲಿ ಅದರ ಎರಡೂ ಮುಖ ಇಳಿಸಿಕೊಂಡು ಆಮೇಲೆ ಮೂಸೆಗೆ ಬಿಡುತ್ತಿದ್ದರು. ಅಂಥ ಮೂರು ನೋಟ್‌ಬುಕ್ಕುಗಳು ತುಂಬಿದ್ದವು. ಆನೆ, ಮೀನು, ಕುದುರೆ, ಫಾರಸಿ ಬರಹ, ಕಿರೀಟ ಹಾಕಿದ ರಾಣಿ. ಇತಿಹಾಸ ಪಾಠ ಮಾಡುವ ನಾನು ಅಷ್ಟೊಂದು ಬಗೆಯ ನಾಣ್ಯಗಳನ್ನು ಒಟ್ಟಿಗೆ ನೋಡಿದ್ದು ಅಲ್ಲಿಯೇ, ಅದೂ ಒಂದೂ ಉಳಿಯದ ಮೇಲೆ.

ಒಂದು ದಿನ ಅವರು ಮೊದಲ ನೋಟ್‌ಬುಕ್ಕಿನ ಒಂದು ಹಾಳೆ ಬಿಚ್ಚಿ ನನ್ನ ಮುಂದಿಟ್ಟರು. ಏಳು ನಾಣ್ಯಗಳ ಗುರುತು. ಏಳರದೂ ಒಂದೇ ಛಾಪು. ಒಂದು ಮಗ್ಗುಲಿಗೆ ತಲೆಗೆ ಎಲೆಯ ಪಟ್ಟಿ ಕಟ್ಟಿಕೊಂಡ, ಉದ್ದ ಮೂಗಿನ ಒಬ್ಬ ಗಂಡಸು. ಇನ್ನೊಂದು ಮಗ್ಗುಲಿಗೆ ಇಬ್ಬರು ಹುಡುಗರು ನಿಂತಿದ್ದಾರೆ, ನಡುವೆ ಎರಡು ಗುರಾಣಿ, ಎರಡು ಭರ್ಜಿ. ಮೇಲೆ ಒಂದು ಸೌಟು, ಒಂದು ಸೊಟ್ಟ ಬಡಿಗೆ. ಸುತ್ತಲೂ ಇಂಗ್ಲಿಷಿನಂತಹ ಅಕ್ಷರ.

"ಇವ್ರ್ಯಾರ್ರಿ ಅಕ್ಕೋರ? ನಾ ಇಪ್ಪತ್ತ ವರ್ಷದವ ಇದ್ದಾಗ ಬಂದಿದ್ದು. ಕಾಗಿಣಾ ಹೊಳಿ ದಂಡಿ ಹೊಲದಾಗ ಕುಂಟಿ ಹೊಡಿಯೂ ಮುಂದ ಸಿಕ್ಕಾವಂತ. ಆಗಿನ ಸರಾಫರು ಲಗೂ ಕರಗಿಸು ಅಂದ್ರು, ಕರಗಿಸಿದೆ. ನಲವತ್ತ ವರ್ಷದಿಂದ ಕೇಳಾಕತ್ತೀನಿ. ಒಬ್ಬರು ರಾಮ-ಲಕ್ಷ್ಮಣ ಅಂದ್ರು. ಹಂಗಾರ ಆ ಮೂಗಿನವ ಯಾರು?"

ನನಗೆ ಗೊತ್ತಿರಲಿಲ್ಲ. ಎಂಟನೆಯ ತರಗತಿಯ ಪಾಠದಲ್ಲಿ ರೋಮಿನೊಡನೆ ದಕ್ಷಿಣ ಭಾರತಕ್ಕಿದ್ದ ವ್ಯಾಪಾರದ ಬಗ್ಗೆ ನಾಲ್ಕು ಸಾಲು ಇದ್ದವು. ವರ್ಷ ವರ್ಷ ಅದನ್ನು ಓದಿ ಹೇಳಿ, ಪ್ರಶ್ನೆ ಕೊಟ್ಟು, ಉತ್ತರಕ್ಕೆ ಗುರುತು ಹಾಕಿದ್ದೆ. ಆ ನಾಲ್ಕು ಸಾಲಿಗೂ ಈ ಹಾಳೆಗೂ ಸಂಬಂಧವಿದ್ದೀತೆಂದು ನನ್ನ ತಲೆಗೆ ಹೊಳೆಯಲಿಲ್ಲ. ಗುರುತುಗಳನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿಕೊಂಡು, ರಜೆಯಲ್ಲಿ ಕಲಬುರಗಿಗೆ ಹೋಗಿ ಗ್ರಂಥಾಲಯದಲ್ಲಿ ಕುಳಿತೆ. ಎರಡನೆಯ ದಿನ ಒಂದು ಹಳೆಯ ದಪ್ಪ ಪುಸ್ತಕದಲ್ಲಿ ಇಬ್ಬರೂ ಹುಡುಗರು ಸಿಕ್ಕರು. ಅದೇ ಗುರಾಣಿ, ಅದೇ ಸೌಟು, ಅದೇ ಬಡಿಗೆ. ಏಳು ಗುರುತುಗಳಲ್ಲಿ ಅಲ್ಲಲ್ಲಿ ಅಳಿಸಿದ್ದ ಅಕ್ಷರಗಳನ್ನು ಒಂದರಿಂದ ಒಂದಕ್ಕೆ ತುಂಬಿಕೊಂಡು ಓದಿದಾಗ ಸೀಸರ್, ಅಗಸ್ಟಸ್ ಎಂಬ ಬಿರುದುಗಳು ಬಂದವು. ರೋಮಿನ ಮೊದಲ ಚಕ್ರವರ್ತಿಯ ಬೆಳ್ಳಿ ನಾಣ್ಯ. ಎರಡು ಸಾವಿರ ವರ್ಷದ್ದು. ಆ ಹುಡುಗರು ಅವನ ಮಗಳ ಮಕ್ಕಳು. ತಾನೇ ದತ್ತು ತೆಗೆದುಕೊಂಡು ತನ್ನ ನಂತರ ಇವರು ಆಳಲೆಂದು ನಾಣ್ಯದ ಮೇಲೆ ಹಾಕಿಸಿದ್ದ.

ನನಗಾದ ಹಿಗ್ಗು ಹೇಳತೀರದು. ಬಸ್ಸಿಳಿದವಳು ಮನೆಗೂ ಹೋಗದೆ ನೇರ ಆ ಖೋಲಿಗೆ ಹೋದೆ. ಬಜಾರಿನ ನಾಲ್ಕೈದು ಜನ ಅಲ್ಲಿ ನಿಂತಿದ್ದರು. ಅವರೆಲ್ಲರ ಮುಂದೆಯೇ, "ಚಾಚಾ, ನೀವು ಕರಗಿಸಿದ್ದು ಏನು ಗೊತ್ತೇನು? ಎರಡು ಸಾವಿರ ವರ್ಷದ ರೋಮಿನ ನಾಣ್ಯ!" ಎಂದು ಕೂಗಿ ಹೇಳಿದೆ.

ಜನ ನಕ್ಕರು. "ಬಾದಶಹಾನ್ನೇ ನೀರ ಮಾಡೀರಲ್ಲ ಚಾಚಾ!" ಎಂದು ಒಬ್ಬರು ಬೆನ್ನು ಚಪ್ಪರಿಸಿದರು. ಚಾಚಾ ನಗಲಿಲ್ಲ. ಕೈಯಲ್ಲಿದ್ದ ಇಕ್ಕಳವನ್ನು ಫರಶಿಯ ಮೇಲೆ ಇಟ್ಟರು.

"ಎರಡ ಸಾವಿರ ವರ್ಷ ಏನ್ರಿ?"

"ಹೌದು."

"ಅಷ್ಟ ದಿನ ಉಳದಿತ್ತು. ನಾ ಅರ್ಧ ತಾಸನ್ಯಾಗ ಮುಗಿಸಿದೆ."

ಮರುದಿನ ಖೋಲಿಗೆ ಬೀಗ. ಅದರ ಮರುದಿನವೂ ಬೀಗ. ಒಂದು ವಾರ ಕಳೆದ ಮೇಲೆ ನಾನು ಹಿಂದಿನ ಬಾಗಿಲಿಗೆ ಹೋದೆ. ಮಗಳು ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ಮೆಲ್ಲಗೆ, "ಒಲಿ ಕಡಿ ಸೈತ ನೋಡವಲ್ರು ಅಕ್ಕೋರ. ನೀವರೆ ಏನರೆ ಹೇಳ್ರಿ" ಎಂದಳು. ನಾನೇ ಮಾಡಿದ್ದಕ್ಕೆ ನಾನು ಏನು ಹೇಳಲಿ? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ, ಒಂದು ವಿಷಯವನ್ನು ಯಾರ ಮುಂದೆ, ಎಂಥ ದನಿಯಲ್ಲಿ ಹೇಳಬೇಕೆಂಬುದು ತಿಳಿದಿರಲಿಲ್ಲ.

ಚಾಚಾ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದರು. ನಾನು ತಪ್ಪಾಯಿತೆಂದೆ. ಅವರು ಅದಕ್ಕೆ ಕೈ ಬೀಸಿಬಿಟ್ಟರು.

"ನಿಮ್ಮದೇನ್ರಿ ತಪ್ಪು. ನಾನೇ ಕೇಳಿದ್ದು, ನೀವು ಹುಡುಕಿ ತಂದ್ರಿ. ಗೊತ್ತಿಲ್ಲ ಅನ್ನೂದೂ ಒಂದ್ ಆರಾಮ ಇತ್ತು, ಅದು ಹೋತು, ಅಷ್ಟೇ." ಆಮೇಲೆ ಕೇಳಿದರು: "ಆ ಹುಡುಗರು ಮುಂದ ಬಾದಶಹಾ ಆದ್ರೇನ್ರಿ?"

ಇಲ್ಲ ಎಂದೆ. ಒಬ್ಬ ಹದಿನೆಂಟು ಹತ್ತೊಂಬತ್ತಕ್ಕೆ, ಇನ್ನೊಬ್ಬ ಇಪ್ಪತ್ತು ದಾಟಿದ ಮೇಲೆ, ಎರಡು ವರ್ಷದ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಅಜ್ಜ ಇನ್ನೂ ಬದುಕಿದ್ದ.

ಅವರು ಕಣ್ಣು ಮುಚ್ಚಿದರು. "ಹಂಗಾರ ಅವರ ಮುಖ ಉಳದದ್ದು ಆ ನಾಣ್ಯದಾಗ ಅಷ್ಟೇ."

"ನಿಮ್ಮ ನೋಟ್‌ಬುಕ್ಕಿನಲ್ಲಿ ಉಳಿದಿವೆಯಲ್ಲ ಚಾಚಾ."

"ಪೆನ್ಸಿಲ್ಲಿಂದು ಏನ್ರಿ ಅದು? ರಬ್ಬರ ಹಚ್ಚಿದ್ರ ಹೋಗ್ತದ."

ಹತ್ತು ಹನ್ನೆರಡು ದಿನದ ಮೇಲೆ ಬೀಗ ತೆಗೆದರು. ಹೊಟ್ಟೆಯ ಕೆಲಸ, ಬಿಟ್ಟರೆ ನಡೆಯುವುದಿಲ್ಲ. ಆದರೆ ಆಮೇಲೆ ಅವರಿಗೆ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ಚಿತ್ತಾಪುರದ ಬಜಾರಿಗೆ ರಜೆಯಿದ್ದ ದಿನ ಇಸ್ತ್ರಿಯ ಅಂಗಿ ಹಾಕಿಕೊಂಡು, ಆ ಹಾಳೆಯ ನಕಲನ್ನು ಜೇಬಿನಲ್ಲಿಟ್ಟುಕೊಂಡು ಊರೂರಿಗೆ ಹೋಗತೊಡಗಿದರು. ಸೇಡಂ, ಶಹಾಬಾದ, ವಾಡಿ, ಒಮ್ಮೊಮ್ಮೆ ಚಿಂಚೋಳಿಯವರೆಗೂ. ಸರಾಫರಿಗೆ, ಅಕ್ಕಸಾಲಿಗರಿಗೆ ತೋರಿಸಿ, "ಇಂತಾದ್ದು ಬಂದ್ರ ಕರಗಿಸಬ್ಯಾಡ್ರಿ. ನನಗ ಒಂದ್ ಮಾತ ಹೇಳ್ರಿ" ಎಂದು ಕೈಮುಗಿದು ಬರುತ್ತಿದ್ದರು. ಕೆಲವರು ಚಹಾ ಕೊಟ್ಟು ಕಳಿಸಿದರು. ಕೆಲವರು ಮುದುಕನಿಗೆ ಮರುಳು ಎಂದರು.

ಕರೆ ಬಂದಾಗಲೆಲ್ಲ ಹೋಗುತ್ತಿದ್ದರು. ಶಹಾಬಾದದವರು ತೋರಿಸಿದ ನಾಣ್ಯದಲ್ಲಿ ಇಬ್ಬರು ನಿಂತದ್ದೇನೋ ನಿಜ, ಆದರೆ ಅವರು ಬಿಲ್ಲು ಹಿಡಿದಿದ್ದರು. ಅದು ರಾಮನ ಪೂಜೆಗೆ ಮಾಡಿದ ಟಂಕೆ. ಸೇಡಮ್ಮಿನಲ್ಲಿ ಸಿಕ್ಕದ್ದು ನೋಡಲು ಅದೇ ನಾಣ್ಯ. ಸೇಡಂ ನನ್ನ ಊರು, ರಜೆಗೆ ಹೋಗಿದ್ದ ನಾನೂ ಆ ದಿನ ಅವರ ಜೊತೆಗಿದ್ದೆ. ಚಾಚಾ ಅಂಚಿನ ಸುತ್ತ ಉಗುರು ಆಡಿಸಿ ಕೂಡಲೇ ಕೆಳಗಿಟ್ಟರು. "ಇದು ಎರಕದ್ದು. ಅಂಚಿನ್ಯಾಗ ಗೆರಿ ಬಂದದ ನೋಡ್ರಿ, ಎರಡ ಅಚ್ಚು ಕೂಡಿದ ಗೆರಿ. ಮುಖದ ಮ್ಯಾಲ ಸಣ್ಣ ಸಣ್ಣ ತೂತು, ಗಾಳಿ ಹಿಡದದ್ದು. ನಮ್ಮವು ಬಡದು ಮಾಡಿದ್ವು. ಬಡದಾಗ ಅಂಚು ಸೀಳ್ತದ." ನಮ್ಮವು ಎಂದು ಅವರು ಅಂದದ್ದು, ತಾವು ಕರಗಿಸಿದ ಆ ಏಳನ್ನು.

ಆ ನಾಣ್ಯದ ಹೆಸರು ದೆನಾರಿಯಸ್ ಎಂದು ಹೇಳಿದ ದಿನ ಅವರ ಮುಖ ನೋಡಬೇಕಿತ್ತು. "ದೀನಾರ್ ಅಂತೇವಲ್ಲ, ಅದೇನ್ರಿ?" ಎಂದರು. ಅದರಿಂದಲೇ ಬಂದದ್ದು, ನಮ್ಮ ಹಳೆಯ ಸಂಸ್ಕೃತದಲ್ಲೂ ದೀನಾರ ಎಂದಿದೆ ಎಂದೆ. "ಹಂಗಾರ ನಿಮ್ಮದೂ ಹೌದು, ನಮ್ಮದೂ ಹೌದು" ಎಂದು ಮೂಸೆಯ ಕಡೆ ತಿರುಗಿದರು.

ಹೀಗೆ ಒಂಬತ್ತು ವರ್ಷ. ನನ್ನ ನಿವೃತ್ತಿಗೆ ಇನ್ನು ಸ್ವಲ್ಪವೇ ಉಳಿದಿತ್ತು. ಒಂದು ಮಧ್ಯಾಹ್ನ ತರಗತಿಯಲ್ಲಿದ್ದೆ. ಶಾಲೆಯ ಗೇಟಿನ ಹತ್ತಿರ ತೂತುಬಿದ್ದ ಲುಂಗಿಯಲ್ಲೇ ಚಾಚಾ ನಿಂತಿದ್ದರು. ಎಂದೂ ಶಾಲೆಗೆ ಬಂದವರಲ್ಲ. ಓಡಿ ಹೋದೆ.

"ಬಂದದರಿ" ಎಂದರು. ಅಷ್ಟೇ.

ಖೋಲಿಯಲ್ಲಿ ಲಂಬಾಣಿ ಮುದುಕಿಯೊಬ್ಬಳು ಕಾಲು ನೀಡಿ ಕುಳಿತಿದ್ದಳು. ಚಿಂಚೋಳಿ ಕಡೆ, ಚಿಮ್ಮನಚೋಡದ ಹತ್ತಿರದ ತಾಂಡಾದವಳು. ತಾಂಡಾದ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುತ್ತಾರೆ. ಚಾಚಾ ಅವಳನ್ನು ಹಾಗೇ ಕರೆಯುತ್ತಿದ್ದರು. ನಾಣ್ಯ ಪೋಣಿಸಿದ ತನ್ನ ಕೊರಳ ಸರವನ್ನು ಕರಗಿಸಲು ತಂದಿದ್ದಳು. ಸರಾಫರು ಇಲ್ಲಿಗೆ ಕಳಿಸಿದ್ದರು. ಸರದ ತುಂಬ ರಾಣಿ ಛಾಪಿನ ರೂಪಾಯಿ, ನಡುವೆ ಪಾವಲಿಯಷ್ಟು ಅಗಲದ, ಆದರೆ ಅದಕ್ಕಿಂತ ದಪ್ಪನೆಯ ಒಂದು ನಾಣ್ಯ. ನೆತ್ತಿಯಲ್ಲಿ ತೂತು ಕೊರೆದು ಕೊಂಡಿ ಹಾಕಿತ್ತು. ಇಬ್ಬರು ಹುಡುಗರು ಸವೆದಿದ್ದರೂ ನಿಂತೇ ಇದ್ದರು.

ಚಾಚಾ ಆಗಲೇ ಎಲ್ಲ ನೋಡಿ ಮುಗಿಸಿದ್ದರು. ತೂಕ ನಾಲ್ಕು ಗ್ರಾಮಿಗೆ ತುಸು ಕಡಿಮೆ. ಅಂಚಿನಲ್ಲಿ ಗೆರೆ ಇಲ್ಲ, ಒಂದು ಕಡೆ ಸೀಳು ಇದೆ. ನಾನು ಹಾಳೆಯ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಅನುಮಾನವೇ ಇರಲಿಲ್ಲ.

ನಾನು ಅವರನ್ನು ಬದಿಗೆ ಕರೆದು, ಇದು ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು, ಈಗಲೇ ಫೋನ್ ಮಾಡುತ್ತೇನೆ ಎಂದೆ. ಅವರು ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಕೈ ಇಟ್ಟರು.

"ಮೊದಲ ಆಕಿಗಿ ಹೇಳೋಣ್ರಿ. ಅದು ಆಕಿದು. ಗೊತ್ತಿಲ್ದವರ ಕೈಯಾಗಿಂದ ತಗೊಂಡ್ರ ಅದೂ ಕರಗಿಸಿದ್ಹಂಗೇ."

ನಾನು ಫೋನ್ ಚೀಲದಲ್ಲಿಟ್ಟೆ.

ಅವರು ಮುದುಕಿಯ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ಸಮುದ್ರದ ಆಚೆ ಒಬ್ಬ ಬಾದಶಹಾ ಇದ್ದ ಎಂಬಲ್ಲಿಂದ ಶುರುಮಾಡಿ ಎಲ್ಲ ಹೇಳಿದರು. ತಾವು ಏಳು ಕರಗಿಸಿದ್ದನ್ನೂ ಬಿಡಲಿಲ್ಲ. ಇದನ್ನು ಹಾಗೇ ಕೊರಳಲ್ಲಿ ಇಟ್ಟುಕೊಂಡರೂ ಸರಿ, ಸರಕಾರಕ್ಕೆ ಕೊಟ್ಟರೂ ಸರಿ, ಕರಗಿಸುವುದೊಂದು ಬೇಡ ಎಂದರು. ಮುದುಕಿ ಬೀಡಿಯನ್ನು ಬೆರಳಲ್ಲಿ ಹಿಡಿದು ಕೇಳಿದಳು.

"ನನ್ನ ಅತ್ತಿ ಹಾಕಿದ್ದಪ್ಪ ಇದು. ಆಕಿಗಿ ಆಕಿ ಅತ್ತಿ. ಇರಲಿ. ನನಗ ಇಬ್ರು ಮೊಮ್ಮಕ್ಕಳು, ಒಂದೇ ಹಂದರದಾಗ ಇಬ್ಬರ ಮದಿವಿ. ಸರ ಪೂರಾ ಕರಗಿಸಿ ಇಬ್ಬರಿಗೂ ಬರೋಬ್ಬರಿ ಕಾಲಚೈನ ಮಾಡಿಸ್ತೀನಿ ಅಂತ ಮಾತ ಕೊಟ್ಟೀನಿ. ಒಬ್ಬಾಕಿಗಿ ಜರಾ ಕಮ್ಮಿ ಆತಂದ್ರ ಹಂದರದಾಗೇ ಅಳ್ತಾಳ. ನಿನ್ನ ಬಾದಶಹಾ ಬಂದು ಸಮಾಧಾನ ಮಾಡ್ತಾನೇನು?"

ಅದು ನ್ಯಾಯವಾದ ಮಾತಾಗಿತ್ತು. ಚಾಚಾ ಎದ್ದು ಅಂಟುವಾಳದ ನೀರಿನಲ್ಲಿ ಬಲಗೈ ಅದ್ದಿ, ಬೆರಳಿನಲ್ಲಿ ಬಿಗಿದು ಕೂತಿದ್ದ ಬೆಳ್ಳಿಯ ಉಂಗುರವನ್ನು ತಿರುವತೊಡಗಿದರು. ಬಾಗಿಲಲ್ಲಿ ನಿಂತಿದ್ದ ಮಗಳು, "ಅಬ್ಬಾ!" ಎಂದು ಅಪ್ಪನನ್ನು ಕೂಗಿದಳು. ಚಾಚಾನ ಮದುವೆಯಲ್ಲಿ ಅವಳ ತಾಯಿಯ ಕಡೆಯವರು ಹಾಕಿದ ಉಂಗುರವಂತೆ. ಆ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಉಂಗುರ ಗೆಣ್ಣು ದಾಟಿ ಹೊರಬಂತು. ಅದರ ಜಾಗದಲ್ಲಿ ಬೆರಳು ಬೆಳ್ಳಗೆ, ಮಗುವಿನ ಚರ್ಮದ ಹಾಗೆ ಇತ್ತು.

ತಕ್ಕಡಿಯಲ್ಲಿಟ್ಟರು. ನಾಣ್ಯಕ್ಕಿಂತ ಹೆಚ್ಚೇ ತೂಗಿತು. "ಇದು ಹೋಗಲಿ ಬಿಡು ಬೇಟಿ" ಎಂದರು ಮಗಳಿಗೆ, "ಇದರ ಮ್ಯಾಲ ಯಾರ ಮುಖಾನೂ ಇಲ್ಲ."

ಮಗಳು ಒಳಗೆ ಹೋದಳು. ಹೊಲಿಗೆ ಯಂತ್ರದ ಸದ್ದು ಬಹಳ ಹೊತ್ತು ಕೇಳಲಿಲ್ಲ.

"ಏನ್ ಹುಚ್ಚ ಅದಿಯಪ್ಪ ನೀ" ಎಂದಳು ಮುದುಕಿ. ಆದರೆ ಸರದಿಂದ ನಾಣ್ಯವನ್ನು ತಾನೇ ಬಿಚ್ಚಿದಳು. ಕಣ್ಣಿನ ಹತ್ತಿರ ಹಿಡಿದು ಮೊದಲ ಸಲ ನೋಡುವವಳಂತೆ ನೋಡಿದಳು. "ಇವ್ರು ಅಂವನ ಮೊಮ್ಮಕ್ಕಳು ಅಂದೆಲ್ಲ? ಛಲೋ ಬಾಳಿದ್ರೇನು?"

ಚಾಚಾ ನನ್ನ ಕಡೆ ಒಮ್ಮೆ ನೋಡಿದರು. "ಹೂಂ ಯಾಡಿ, ಛಲೋ ಬಾಳಿದ್ರು" ಎಂದರು. ಇತಿಹಾಸದ ಟೀಚರು ನಾನು, ಬಾಯಿ ಬಿಡಲಿಲ್ಲ. ಮದುವೆಯ ಮನೆಯಿಂದ ಬಂದವಳು ಅವಳು.

ಮುಂದಿನ ವಾರ ಮೂವರೂ ಕೂಡಿ ಬಸ್ಸಿನಲ್ಲಿ ಕಲಬುರಗಿಗೆ ಹೋದೆವು. ವಸ್ತುಸಂಗ್ರಹಾಲಯದ ಅಧಿಕಾರಿ ಚಿಕ್ಕ ವಯಸ್ಸಿನವರು. ಮಸೂರ ಹಿಡಿದು ನೋಡಿ, ಪುಸ್ತಕ ತೆಗೆದು ಹೋಲಿಸಿ, ಅಸಲಿ ಎಂದರು. ಹೊಲದ ಕಥೆ, ಸರದ ಕಥೆ ಎಲ್ಲ ಬರೆದುಕೊಂಡು, "ಇದನ್ನ ಗುರುತಿಸಿದವರು ಯಾರು?" ಎಂದು ನನ್ನನ್ನು ಕೇಳಿದರು. ನಾನು ಚಾಚಾನ ಕಡೆ ಕೈ ತೋರಿಸಿದೆ. ಅಧಿಕಾರಿ ಪೆನ್ನು ಎತ್ತಿಕೊಂಡು ಅವರ ಹೆಸರು ಕೇಳಿದರು.

"ನನ್ನ ಹೆಸರ ಬ್ಯಾಡ್ರಿ ಸಾಹೇಬ್ರ. ಏಳ ಕರಗಿಸಿದವ ಎಂಟನೇದಕ್ಕ ಹೆಸರ ಹಚ್ಚಿಕೋಬಾರದು. ಯಾಡಿ ಹೆಸರ ಬರೀರಿ. ಇಷ್ಟ ದಿನ ಕೊರಳಾಗ ಕಾಯ್ದಾಕಿ ಆಕಿ."

ನಾನು ಒತ್ತಾಯ ಮಾಡಿದೆ. ಅಧಿಕಾರಿಯೂ ಮಾಡಿದರು. ಅವರು ಬಗ್ಗಲಿಲ್ಲ. ಮುದುಕಿಯ ಹೆಸರು ಬರೆದು, ಅದರ ಮುಂದೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಈ ಬರಹದಲ್ಲಿ ನಾನು ಅವರ ಹೆಸರು ಹಾಕದಿರುವುದಕ್ಕೆ ಅದೇ ಕಾರಣ. ಹಾಕಿದರೆ ಅವರಿಗೆ ಸೇರುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಬೆಳ್ಳಿಯ ಗುಣ ನೋಡುವ ಯಂತ್ರ ಬಂತು. ಸರಾಫರು ಹಳೆಯ ಬೆಳ್ಳಿಯನ್ನು ಕಲಬುರಗಿಗೇ ಕಳಿಸತೊಡಗಿದರು. ಚಾಚಾನ ಒಲೆ ವಾರಕ್ಕೊಮ್ಮೆ ಉರಿದರೆ ಹೆಚ್ಚು. ನಾನು ನಿವೃತ್ತಳಾಗಿ ಸೇಡಮ್ಮಿಗೆ ಬಂದೆ. ಬರುವ ಹಿಂದಿನ ದಿನ ಹೋದಾಗ, "ಅಕ್ಕೋರ, ನೀವು ಬರೂ ಮೊದಲ ನಾ ಬರೇ ಬೆಂಕಿ ನೋಡಾಕತ್ತಿದ್ದೆ" ಎಂದು ಅರ್ಧಕ್ಕೇ ನಿಲ್ಲಿಸಿದರು. ಆಗಾಗ ಬರುತ್ತೇನೆ ಎಂದಿದ್ದೆ. ಹೋದದ್ದು ಎರಡೇ ಸಲ.

ವಾಡಿಯಲ್ಲಿ ಸುದ್ದಿ ಕೇಳಿದ ಮೇಲೆ ಮನಸ್ಸು ನಿಲ್ಲಲಿಲ್ಲ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಯಾವಾಗ ಎಂದು ವಿಚಾರಿಸಿಕೊಂಡು ಚಿತ್ತಾಪುರಕ್ಕೆ ಹೋದೆ. ಮಗಳು ನನ್ನನ್ನು ನೋಡಿದ್ದೇ ಅಪ್ಪಿಕೊಂಡು ಅತ್ತಳು. ಒಳಗೆ ಕುರಾನ್ ಓದುತ್ತಿದ್ದರು. ಓಣಿಯ ಹೆಣ್ಣುಮಕ್ಕಳ ನಡುವೆ ನನಗೂ ಒಂದು ಜಾಗ ಮಾಡಿಕೊಟ್ಟರು.

ಊಟದ ಹೊತ್ತಿಗೆ ಇಬ್ಬರು ಲಂಬಾಣಿ ಹೆಣ್ಣುಮಕ್ಕಳು ಬಾಗಿಲಲ್ಲಿ ಬಂದು ನಿಂತರು. ಇಪ್ಪತ್ತೈದರ ಆಸುಪಾಸಿನವರು. ಒಬ್ಬಳ ಬಗಲಲ್ಲಿ ಕೂಸು. ಬಿಸಿಲಲ್ಲಿ ಬಸ್ಸಿಳಿದು ನಡೆದುಬಂದು ಮುಖ ಕೆಂಪಾಗಿತ್ತು. ಯಾರಿಗೂ ಗುರುತಿಲ್ಲ. ಮಗಳು ಎದ್ದು ಹೋಗಿ, "ಯಾರು ಬೇಕಾಗಿತ್ತವ್ವ?" ಎಂದು ಕೇಳಿದಳು.

ದೊಡ್ಡವಳು ಹೇಳಿದಳು: "ಚಿಮ್ಮನಚೋಡದ ಕಡೀಂದ ಬಂದೀವ್ರಿ. ಸರಾಫರ ಅಂಗಡ್ಯಾಗ ಹೇಳಿದ್ರು, ಚಾಚಾ ಹೋದ್ರು ಅಂತ. ನಮ್ಮ ಅಜ್ಜಿಗಿ ನಡಿಲಿಕ್ಕಾಗಲ್ಲ. ನೀವರೆ ಹೋಗ್ರಿ ಅಂದಳು."

"ಇಬ್ರೂ ಈ ಕೂಸಿನ್ನ ಕಟ್ಟಿಕೊಂಡು ಇಷ್ಟ ದೂರ..." ಎಂದಳು ಮಗಳು.

ಸಣ್ಣವಳು ಸೀರೆಯ ಅಂಚನ್ನು ತುಸು ಎತ್ತಿ ತನ್ನ ಕಾಲನ್ನೂ ಅಕ್ಕನ ಕಾಲನ್ನೂ ತೋರಿಸಿದಳು. ಇಬ್ಬರ ಕಾಲಲ್ಲೂ ಒಂದೇ ನಮೂನೆಯ ಬೆಳ್ಳಿಯ ಚೈನು.

"ಚಾಚಾನ ಉಂಗುರ ಇದರಾಗ ಅದರಿ. ಯಾರ ಕಾಲಿಂದರಾಗ ಹೋಗ್ಯದೋ ನಮಗ ಗೊತ್ತಿಲ್ಲ. ಅದಕ್ಕ ಇಬ್ರೂ ಬಂದೀವಿ."

ಮಗಳು ಬಾಗಿಲ ಪಕ್ಕದ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದು, ಇಬ್ಬರ ಕಾಲಿಗೂ ತಾನೇ ನೀರು ಹಾಕಿ ಒಳಗೆ ಕರೆದುಕೊಂಡಳು.